ಬೋರಮ್ಮ ಕೇಳಿದ ನ್ಯಾಯ

ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಮಹಾಂತೇಶ್ ತನ್ನ ಕೂಲಿ ಹೆಂಗಸರಿಗೆ ಯುಗಾದಿಯಿಂದ ಬಾಕಿ ಉಳಿಸಿಕೊಂಡಿರುವುದು ದುಡ್ಡಲ್ಲ, ಚಿಪ್ಪು. ಅಟ್ಟದಲ್ಲಿ ವರ್ಷವಿಡೀ ಒಣಗಿದ ತೆಂಗಿನಕಾಯಿಯನ್ನು ಬೆಳೆಗಾರರಿಂದ ಕೊಂಡು ತನ್ನ ಗೋದಾಮಿನಲ್ಲಿ ಒಡೆಸುತ್ತಾನೆ. ಒಳಗಿನ ಕೊಬ್ಬರಿ ಉಂಡೆಯಾಗಿಯೇ ಬರಬೇಕು, ಸೀಳಿದರೆ ಬೈಗುಳ. ಕೂಲಿಯ ಜೊತೆಗೆ ಸಂಜೆ ಒಂದು ಬುಟ್ಟಿ ಚಿಪ್ಪು ಒಯ್ಯುವುದು ಅವನಪ್ಪನ ಕಾಲದಿಂದ ನಡೆದುಬಂದದ್ದು. ಅದರಲ್ಲೇ ಅವರ ಮನೆಯ ಒಲೆ ಉರಿಯುತ್ತಿತ್ತು.

ಚಿಪ್ಪಿನ ಇದ್ದಿಲಿಗೆ ಹೊರದೇಶದ ಗಿರಾಕಿ ಹುಟ್ಟಿದ. ಲಾರಿ ಬಾಗಿಲಿಗೇ ಬರತೊಡಗಿತು. ಬುಟ್ಟಿ ನಿಂತಿತು, ಕೂಲಿ ಏರಲಿಲ್ಲ. ಗ್ಯಾಸ್ ಕೊಳ್ಳಿ ಎಂದರೆ ಸಿಲಿಂಡರ್ ಬೆಲೆ ಕೇಳಿಯೇ ಕೈ ಸುಡುತ್ತದೆ.

ಬೋರಮ್ಮ ಕಾಯಿ ಒಡೆಯುತ್ತಲೇ ಮುದುಕಿಯಾಗುತ್ತಿರುವವಳು. ಗಂಡನಿಲ್ಲ. ಹಾಸಿಗೆ ಹಿಡಿದ ಅತ್ತೆಗೆ ದಿನಾ ಬಿಸಿನೀರು ಬೇಕು. ರೇಷನ್ ಕಾರ್ಡಿನಲ್ಲಿ ಯಜಮಾನಿ ಆ ಅತ್ತೆಯೇ. ಹಾಗಾಗಿ ಗೃಹಲಕ್ಷ್ಮಿಯ ಎರಡು ಸಾವಿರ ಅತ್ತೆಯ ಖಾತೆಗೆ ಬೀಳುತ್ತದೆ, ಅತ್ತೆ ಅದನ್ನು ತನ್ನ ಮಗಳಿಗೆ ದಾಟಿಸುತ್ತಾಳೆ.

ಪಕ್ಕದ ಮನೆಯ ಚಿತ್ರಾ ಇವಳ ಜೊತೆಯಲ್ಲೇ ಕಾಯಿ ಒಡೆಯುತ್ತಾಳೆ. ಅವಳ ಕಾರ್ಡು ಬೇರೆ, ಹಣ ನೇರ ಅವಳಿಗೆ. ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ಎಲ್ಲರ ಬುಟ್ಟಿ ನಿಂತ ಮೇಲೂ ಚಿತ್ರಾಳ ಬುಟ್ಟಿ ನಿಂತಿರಲಿಲ್ಲ! ಅವಳ ಹಿತ್ತಿಲಿಂದ ಏಳುವ ಚಿಪ್ಪಿನ ಹೊಗೆ ಬೋರಮ್ಮನ ಗಂಟಲಿಗೇ ಇಳಿಯುತ್ತಿತ್ತು.

“ಏನೇ ಚಿತ್ರಾ, ಸಾವ್ಕಾರ್ರ ಕಣ್ಣಿಗೆ ನಿನ್ ಬುಟ್ಟಿ ಮಾತ್ರ ಕಾಣಾಕಿಲ್ವಾ?”

“ಕೊಡ್ತಾರೆ, ತಕಂತೀನಿ. ನಿಂಗೇನಕ್ಕಾ ಹೊಟ್ಟೆ ಉರಿ? ಅದ್ರಾಗೇ ನಿಮ್ಮತ್ತೆಗೆ ನೀರು ಕಾಯಿಸ್ಕೊಡು.”

ಉಳಿದ ಹೆಂಗಸರು ಬಿದ್ದು ಬಿದ್ದು ನಕ್ಕರು. ಮಾರನೆಯ ದಿನ ಬೋರಮ್ಮ ನೆಟ್ಟಗೆ ಮಹಾಂತೇಶನ ಮುಂದೆ ಹೋಗಿ ನಿಂತಳು.

“ಸಾವ್ಕಾರ್ರೇ, ಅವ್ಳಿಗೊಂದು ನ್ಯಾಯ, ನಮಗೊಂದು ನ್ಯಾಯನಾ? ಎಲ್ರಿಗೂ ಒಂದೇ ಮಾಡ್ರಿ.”

ಅವನು ಮೊಬೈಲಿನಿಂದ ತಲೆ ಎತ್ತಿದ. “ಸರಿಯಾಗ್ ಕೇಳ್ದೆ ಕಣಮ್ಮ. ನಾಳೆಯಿಂದ ಎಲ್ರಿಗೂ ಒಂದೇ.”

ನಾಳೆ ಬಂತು. ಬೋರಮ್ಮ ದೊಡ್ಡ ಬುಟ್ಟಿಯನ್ನೇ ತಂದಿದ್ದಳು. ಸಂಜೆ ಮಹಾಂತೇಶ್ ಚಿತ್ರಾಳ ಬುಟ್ಟಿಯನ್ನು ರಾಶಿಗೆ ಸುರಿಸಿ, ಪೊರಕೆ ತರಿಸಿದ. “ಇನ್ಮೇಲೆ ಚಿತ್ರಾ ಒಬ್ಳೇ ಗುಡಿಸೋದು ಬ್ಯಾಡ. ಎಲ್ರೂ ಸರದಿ ಮೇಲೆ ಗುಡಿಸ್ರಿ. ಮೊದ್ಲು ಬೋರಮ್ಮ.”

ಆಗ ಗೊತ್ತಾಯಿತು. ಉಳಿದವರು ಮನೆ ದಾರಿ ಹಿಡಿದ ಮೇಲೆ ಚಿತ್ರಾ ಒಬ್ಬಳೇ ನಿಂತು ಗೋದಾಮು ಗುಡಿಸಿ, ಸಾವ್ಕಾರನ ಮನೆಯ ಅಂಗಳವನ್ನೂ ಗುಡಿಸುತ್ತಿದ್ದಳು. ಆ ಬುಟ್ಟಿ ಅದರ ಕೂಲಿ. ಈಗ ಬುಟ್ಟಿ ಹೋಯಿತು, ಗುಡಿಸುವ ಕೆಲಸ ಪುಕ್ಕಟೆಯಾಗಿ ಎಲ್ಲರ ತಲೆಗೂ ಬಂತು.

“ತಗಳಕ್ಕಾ ಪೊರಕೆ,” ಎಂದಳು ಚಿತ್ರಾ. “ನ್ಯಾಯ ಸಿಕ್ತಲ್ಲ.”

ಬೋರಮ್ಮ ಪೊರಕೆ ಹಿಡಿದು ಹೊರಗೆ ಬಂದಳು. ಲಾರಿಗೆ ಚೀಲ ಏರುತ್ತಿತ್ತು, ಒಳಗೆ ಇವರೇ ಒಡೆದ ಕಾಯಿಯ ಚಿಪ್ಪು. ಪಕ್ಕದಲ್ಲಿ ಮಹಾಂತೇಶನ ಹೊಸ ಕಾರು, ಸೀಟಿನ ಪ್ಲಾಸ್ಟಿಕ್ ಇನ್ನೂ ತೆಗೆದಿರಲಿಲ್ಲ. ನೋಡುತ್ತ ನೋಡುತ್ತ ಅವಳ ಮೈ ಹೊತ್ತಿಕೊಂಡಿತು. ಚಿತ್ರಾಳ ಬುಟ್ಟಿಗೆ ಉರಿದದ್ದೆಲ್ಲಿ, ಇದೆಲ್ಲಿ!

“ಒಂದ್ ಬುಟ್ಟಿಗ್ ಸಾಯ್ತಿದ್ನಲ್ಲೇ, ಇಲ್ಲಿ ಲೋಡ್‌ಗಟ್ಲೆ ಹೋಗ್ತಾ ಐತೆ,” ಎಂದವಳೇ ಪೊರಕೆ ಎಸೆದು ಲಾರಿಯ ಮುಂದೆ ಕೂತಳು.

ಚಿತ್ರಾ ಬಹಳ ಹೊತ್ತು ನಿಂತೇ ಇದ್ದಳು. ಕೊನೆಗೆ ಬಂದು ಕೂತಳು, ಬೋರಮ್ಮನಿಗೆ ಬೆನ್ನು ಹಾಕಿ. ಆಮೇಲೆ ಉಳಿದವರೂ ಬಂದರು.

ಅಂದಿನಿಂದ ಅಲ್ಲಿ ಒಂದು ಕಾಯಿಯೂ ಒಡೆದಿಲ್ಲ. ಅವರಿಬ್ಬರಿಗೆ ಇನ್ನೂ ಮಾತಿಲ್ಲ, ಗೋದಾಮಿನ ಮುಂದೆ ಕೂರುವುದು ಮಾತ್ರ ಒಂದೇ ಗೋಣಿಯ ಮೇಲೆ. ಮಹಾಂತೇಶ್ ಹಳ್ಳಿಗಳಲ್ಲಿ ಬೇರೆ ಹೆಂಗಸರನ್ನು ಹುಡುಕುತ್ತಿದ್ದಾನೆ. ಇವರಿಗೆ ಬುಟ್ಟಿ ಕೊಡುವುದನ್ನು ತಪ್ಪಿಸಿಕೊಳ್ಳಲು.

ಓದುತ್ತಿರುವ ನಿಮ್ಮ ಅಟ್ಟದಲ್ಲೂ ಕಾಯಿ ಒಣಗಿರಬಹುದು. ಕೊಬ್ಬರಿಗೆ ಬೆಲೆ ಬಂತೆಂದು ಹಿಗ್ಗಿದ್ದೀರಿ, ಹಿಗ್ಗಿ. ಆದರೆ ಆ ಹೆಂಗಸರ ಚಿಪ್ಪು ಅವರ ಕೈ ಸೇರುವವರೆಗೆ ಮಹಾಂತೇಶನ ಗೋದಾಮಿಗೆ ಒಂದು ಕಾಯಿಯನ್ನೂ ಇಳಿಸಬೇಡಿ. ಗಾಡಿ ಹೊರಟಿದ್ದರೆ ಈಗಲೇ ಫೋನ್ ಮಾಡಿ ತಿರುಗಿಸಿ.