ಬೆಂಕಿಯಿಲ್ಲದ ಒಲೆ

ಲಾರಿಯವರೆಲ್ಲ ಅವನನ್ನು ಸೀಟಣ್ಣ ಎಂದೇ ಕರೆಯುತ್ತಿದ್ದರು. ಹರಿದ ಸೀಟುಗಳಿಗೆ ಹೊಸ ರೆಕ್ಸಿನ್ ಹೊಲಿಯುವುದು ಅವನ ಕಸುಬು. ಹಳೆಯದೊಂದು ಬಸ್ಸನ್ನು ಕೊಂಡು, ಅದರೊಳಗಿನ ಸೀಟುಗಳನ್ನು ಕಿತ್ತುಹಾಕಿ, ಎರಡು ಮಂಚ, ಒಂದು ಹೊಲಿಗೆ ಮಿಷನ್ನು, ಕಿಟಕಿಯ ಪಕ್ಕ ಒಂದು ಅಡುಗೆಕಟ್ಟೆ ಕೂರಿಸಿ ಅದನ್ನೇ ಮನೆ ಮಾಡಿಕೊಂಡಿದ್ದ. "ಲೋಕದವರ ಸೀಟೆಲ್ಲ ಹೊಲಿಯೋನ ಬಸ್ಸಲ್ಲಿ ಕೂರೋಕೆ ಒಂದು ಸೀಟಿಲ್ಲ ನೋಡ್ರಪ್ಪಾ" ಎಂದು ಬಂದವರೆದುರು ಅವನ ಕಾಲೆಳೆಯುತ್ತಿದ್ದವಳು ಅವನ ಅಕ್ಕ.

ಅವನನ್ನು ಸಾಕಿದವಳೂ ಅವಳೇ. ತಾಯಿ ತೀರಿಕೊಂಡಾಗ ಅವನು ಇನ್ನೂ ಮೂಗು ಒರೆಸಿಕೊಳ್ಳಲು ಬಾರದ ಮಗು. ಅಕ್ಕ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಡುಗೆಗೆ ನಿಂತಳು. ಮದುವೆಯ ಮಾತು ಬಂದಾಗಲೆಲ್ಲ, "ಈ ಕೋಣನ್ನ ಯಾರ ಕೊರಳಿಗೆ ಕಟ್ಟಿ ಹೋಗಲಿ?" ಎಂದು ನಕ್ಕು ತಳ್ಳಿಹಾಕಿದಳು. ಕೆಲಸದಿಂದ ನಿವೃತ್ತಳಾದ ಮೇಲೆ ಒಂದು ಟ್ರಂಕು ಹಿಡಿದು ತಮ್ಮನ ಬಸ್ಸು ಹತ್ತಿದಳು. ಆಮೇಲೆ ಬಸ್ಸು ಯಾವ ಲಾರಿ ನಿಲ್ದಾಣದಲ್ಲಿ ನಿಂತರೂ ಮೊದಲು ಏಳುತ್ತಿದ್ದುದು ಅಕ್ಕ. ಸಿಲಿಂಡರಿನ ಕಿವಿ ತಿರುವಿ, ಒಲೆ ಹಚ್ಚಿ, ಚಹಾಕ್ಕೆ ನೀರಿಟ್ಟ ಮೇಲೆಯೇ ಅವಳ ಲೆಕ್ಕದಲ್ಲಿ ಪ್ರಯಾಣ ಮುಗಿದಂತೆ.

ಮರೆವು ಹೊಕ್ಕಿದ್ದು ಕಳ್ಳಬೆಕ್ಕಿನ ಹಾಗೆ. ಒಂದು ದಿನ ಉಪ್ಪು ಎರಡು ಸಲ ಬಿತ್ತು, ಇನ್ನೊಂದು ದಿನ ಬೀಳಲೇ ಇಲ್ಲ. ಇಬ್ಬರೂ ನಕ್ಕರು. ಒಂದು ಮಧ್ಯಾಹ್ನ ಹೊರಗೆ ಸೀಟು ಹೊಲಿಯುತ್ತಿದ್ದವನು ದಾರದ ಉಂಡೆಗೆಂದು ಬಸ್ಸು ಹತ್ತಿದರೆ ಗ್ಯಾಸಿನ ವಾಸನೆ ಗಪ್ಪೆಂದು ಮುಖಕ್ಕೆ ಬಡಿಯಿತು. ಒಲೆಯ ತಿರುಗಣೆ ಪೂರ್ತಿ ತೆರೆದಿತ್ತು. ಅಕ್ಕ ಮಂಚದ ಕೆಳಗೆ ತಡಕಾಡುತ್ತಿದ್ದವಳು ಗೆಲುವಿನಿಂದ ಎದ್ದಳು.

"ಸಿಕ್ತು ಕಣೋ ಬೆಂಕಿಪೊಟ್ಣ!"

ಅವನು ಹಾರಿ ಅವಳ ಮುಂಗೈ ಹಿಡಿದ. ಒಲೆ, ಸಿಲಿಂಡರು ಎರಡನ್ನೂ ಮುಚ್ಚಿ, ಅವಳನ್ನು ಎಳೆದುಕೊಂಡೇ ಕೆಳಗಿಳಿಸಿ, ಬಾಗಿಲು ಕಿಟಕಿಗಳನ್ನೆಲ್ಲ ತೆರೆದ. ಗ್ಯಾಸು ನೆಲಕ್ಕೆ ಅಂಟಿ ಕೂರುತ್ತದೆಂದು ಗೊತ್ತಿದ್ದರಿಂದ ಚಾಪೆ ಬೀಸಿ ಬೀಸಿ ನೆಲದ ಗಾಳಿಯನ್ನು ಹೊರಗೆ ತಳ್ಳಿದ. ಆಮೇಲೆ ಮೆಟ್ಟಿಲ ಮೇಲೆ ಕುಸಿದ. ಅಕ್ಕ ಮಣಿಕಟ್ಟು ಉಜ್ಜಿಕೊಳ್ಳುತ್ತಾ, "ಚಹಾ ಬೇಡ ಅಂದ್ರೆ ಬಾಯಲ್ಲಿ ಹೇಳಬೇಕಪ್ಪ, ಕೈ ಮುರೀತಾರಾ?" ಎಂದಳು.

ಸಿಲಿಂಡರಿಗೆ ಬೀಗ ಹಾಕಿದ. ಅಕ್ಕ ದಿನವಿಡೀ ಅತ್ತಳು. "ನನ್ನ ಒಲೆಗೇ ಬೀಗವಾ? ನಾನೇನು ಕಳ್ಳೀನಾ?" ಬೀಗ ತೆಗೆದರೆ ಜೀವಭಯ, ಹಾಕಿದರೆ ಈ ಕಣ್ಣೀರು. ಕೊನೆಗೆ ಗ್ಯಾಸಿನ ಹಂಗನ್ನೇ ಕಡಿಮೆ ಮಾಡಬೇಕೆಂದು ಅವನು ಹಟ ತೊಟ್ಟ. ಬಸ್ಸು ನಿಲ್ಲಿಸಿದ್ದ ಜಾಗದ ಪಕ್ಕದ ಟೈರು ಅಂಗಡಿಯ ಗೆಳೆಯನನ್ನು ಜೊತೆಗೆ ಕರೆದು ಬಸ್ಸಿನ ಮೇಲೆ ಸೋಲಾರ್ ಹಲಗೆ ಹೊದಿಸಿದ. ಮಂಚದಡಿ ದೊಡ್ಡ ಬ್ಯಾಟರಿ ಕೂರಿಸಿದ. ಸ್ನಾನದ ನೀರಿಗೆ ಮೇಲೊಂದು ಕಪ್ಪು ಪೀಪಾಯಿ ಇಟ್ಟ. ಒಂದು ಕುದಿ ಬಂದ ಪಾತ್ರೆಯನ್ನು ಇಳಿಸಿಟ್ಟರೆ ತನ್ನ ಕಾವಿನಲ್ಲೇ ಬೇಯಲೆಂದು, ಸೀಟಿನ ಫೋಮು ತುಂಬಿದ ಒಂದು ಪೆಟ್ಟಿಗೆಯನ್ನೂ ಹೊಲಿದ. ಅಡುಗೆಕಟ್ಟೆಯ ಮೇಲೆ ಕರೆಂಟಿನ ಇಂಡಕ್ಷನ್ ಒಲೆ ಬಂತು. ಮೋಡ ಕವಿದ ದಿನಗಳಿಗೆಂದು ಚಿಕ್ಕದೊಂದು ಸಿಲಿಂಡರು ಮಾತ್ರ ಹೊರಗಿನ ಡಿಕ್ಕಿಯಲ್ಲಿ ಉಳಿಯಿತು.

"ಇನ್ನು ನಿಶ್ಚಿಂತೆಯಾಗಿ ಮಲಗಬಹುದು ಬಿಡೋ" ಎಂದ ಗೆಳೆಯ. ಸೀಟಣ್ಣನಿಗೂ ಹಾಗೇ ಅನ್ನಿಸಿತ್ತು.

ಅಕ್ಕ ಆ ಕರಿ ಗಾಜನ್ನು ಬಗ್ಗಿ ನೋಡಿದಳು. "ಉರಿ ಎಲ್ಲಿ?"

"ಉರಿ ಇರಲ್ಲಕ್ಕ. ಪಾತ್ರೆ ಮಾತ್ರ ಕಾಯುತ್ತೆ."

"ಉರಿ ಇಲ್ದೆ ಅದು ಯಾವ ಸೀಮೆ ಒಲೆಯೋ? ಕಣ್ಣಿಲ್ಲದ ಮುಖದ ಹಾಗಿದೆ."

ಅವನು ಪ್ರತಿದಿನ ಹೇಳಿಕೊಟ್ಟ. ಅವಳು ಪ್ರತಿದಿನ ಹೊಸದಾಗಿ ಕೇಳಿದಳು. ಜನ್ಮವಿಡೀ ಉರಿಯ ಎತ್ತರ ನೋಡಿ ಅಡುಗೆ ಮಾಡಿದ ಕೈ ಅದು. ಮರೆವಿನ ನಡುವೆಯೂ ಉರಿ ಕಂಡರೆ ಆ ಕೈಗೆ ಮುಂದಿನ ಕೆಲಸ ತಾನಾಗಿ ಹೊಳೆಯುತ್ತಿತ್ತು. ಈಗ ಹೊಳೆಯಲಿಲ್ಲ. ಕುದಿಯುತ್ತಿದ್ದ ಪಾತ್ರೆಯನ್ನು ಅವನು ಇಳಿಸಿದ ಒಂದು ಬೆಳಿಗ್ಗೆ, ಒಲೆ ಹತ್ತಿದೆಯೋ ಇಲ್ಲವೋ ನೋಡಲೆಂದು ಅಕ್ಕ ಗಾಜಿನ ಮೇಲೆ ಅಂಗೈ ಊರಿದಳು. ಪಾತ್ರೆಯ ಕಾವು ಇನ್ನೂ ಗಾಜಿನಲ್ಲಿತ್ತು. ಅಂಗೈಯಲ್ಲಿ ಬೊಬ್ಬೆ ಎದ್ದಿತು.

ಆ ಗಾಯ ಮಾಯಿತು, ಅಕ್ಕ ಮಾತ್ರ ಮತ್ತೆ ಅಡುಗೆಕಟ್ಟೆಯ ಹತ್ತಿರ ಬರಲಿಲ್ಲ. ಮಂಚದ ತುದಿಯಲ್ಲಿ ಕೂತು ಸೆರಗಿನ ಅಂಚನ್ನು ಮಡಿಸುವುದು, ಬಿಡಿಸುವುದು. ಕೆಲಸ ಹೋದ ಮೇಲೆ ಮಾತೂ ಹೋಯಿತು. ಮೋಡ ಕವಿದ ವಾರಗಳು ಬಂದವು. ಡಿಕ್ಕಿಯ ಸಿಲಿಂಡರನ್ನು ಒಳಗೆ ತರಲು ಅವನಿಗೆ ಧೈರ್ಯ ಬರಲಿಲ್ಲ; ಬ್ಯಾಟರಿಯ ಕರೆಂಟು ಒಲೆಗೆ ಸಾಕಾದರೆ ಹೊಲಿಗೆ ಮಿಷನ್ನಿನ ಮೋಟರಿಗೆ ಸಾಲದು. ಅವನು ಹೊಲಿಗೆ ಬಿಟ್ಟು ಗಂಜಿ ಕಾಯಿಸಿ ಅವಳ ಬಾಯಿಗಿಟ್ಟ. ಒಂದು ದಿನ ಅವಳು ಚಮಚವನ್ನು ತಡೆದು ಅವನ ಮುಖ ನೋಡಿದಳು.

"ನಿಮಗೆ ತೊಂದ್ರೆ ಆಯ್ತೇನೋ ಸ್ವಾಮಿ. ನನ್ನ ತಮ್ಮ ಬರ್ತಾನೆ, ಅವನೇ ಮಾಡ್ಕೊಡ್ತಾನೆ."

ಹುಟ್ಟಿದಾಗಿನಿಂದ "ಲೋ" ಎಂದಲ್ಲದೆ ಅವಳ ಬಾಯಲ್ಲಿ ಬೇರೆ ಕೇಳದವನು ಆ "ನಿಮಗೆ" ಕೇಳಿ ಬಟ್ಟಲು ಕೆಳಗಿಟ್ಟು ಹೊರಗೆ ಹೋದ. ಟೈರುಗಳ ರಾಶಿಯ ಹಿಂದೆ ನಿಂತು ಅತ್ತ.

ಮರುದಿನ ಡಿಕ್ಕಿಯಿಂದ ಚಿಕ್ಕ ಸಿಲಿಂಡರು ತಂದು ಹಳೆಯ ಒಲೆಗೆ ಜೋಡಿಸಿದ. ಆದದ್ದಾಗಲಿ, ಉರಿ ಕಂಡರೆ ಅಕ್ಕ ತಿರುಗಿ ಬಂದಾಳು ಎಂಬ ಆಸೆ. ಅವಳನ್ನು ಹಿಡಿದು ತಂದು ನಿಲ್ಲಿಸಿ, ಕಡ್ಡಿ ಗೀರಿ ಹಚ್ಚಿದ. ನೀಲಿ ಉರಿ ಸುತ್ತಲೂ ಎದ್ದಿತು.

"ನೋಡಕ್ಕ, ನಿನ್ನ ಒಲೆ. ಚಹಾಕ್ಕೆ ಇಡ್ತೀಯಾ?"

ಅಕ್ಕ ಎರಡೂ ಕೈಗಳನ್ನು ಎದೆಗೆ ಅವುಚಿಕೊಂಡು ಹಿಂದೆ ಸರಿದಳು. "ಸುಡುತ್ತೆ... ಆರಿಸಿ, ಆರಿಸಿಬಿಡಿ" ಎಂದು ಮಗುವಿನಂತೆ ಚೀರತೊಡಗಿದಳು. ಅವನು ಆರಿಸಿದ. ಅವಳು ಸುಮ್ಮನಾಗಲು ಬಹಳ ಹೊತ್ತು ಬೇಕಾಯಿತು.

ಸಿಲಿಂಡರನ್ನು ಗೆಳೆಯನಿಗೆ ಕೊಟ್ಟುಬಿಟ್ಟ. ಬಸ್ಸು ಈಗ ಎಲ್ಲಿಗೂ ಹೋಗುವುದಿಲ್ಲ. ಟೈರು ಅಂಗಡಿಯ ಹಿಂದೆಯೇ ನಿಂತಿದೆ, ಚಕ್ರದ ಬುಡದಲ್ಲಿ ಹುಲ್ಲು ಬೆಳೆದಿದೆ. "ಗ್ಯಾಸಿಲ್ದೆ ಹೆಂಗೆ ಸಂಸಾರ ಮಾಡ್ತೀಯ ಸೀಟಣ್ಣ?" ಎಂದು ಲಾರಿಯವರು ಬೆರಗಾಗಿ ಕೇಳಿದರೆ, "ಬಿಸಿಲಿದ್ರೆ ಆಗುತ್ತೆ" ಎನ್ನುತ್ತಾನೆ. ಒಳಗೆ ಅಕ್ಕ ಕಾಯುತ್ತಿರುತ್ತಾಳೆ, ಯಾರಿಗೆಂದು ಅವಳಿಗೂ ಗೊತ್ತಿಲ್ಲ. ಅವನು ಕೈ ತೊಳೆದು ಹೋಗಿ ಗಂಜಿಯ ಬಟ್ಟಲು ಹಿಡಿದು ಎದುರಿಗೆ ಕೂರುತ್ತಾನೆ.