ಅಕ್ಕೋರು ಕೊಟ್ಟ ಆರು ಅಂಕ

ಶಬ್ದಕೋಶಕ್ಕೆ ಉದಾಹರಣೆಯ ವಾಕ್ಯ ಬರೆದುಕೊಡುವುದು ಈಗ ನನ್ನ ಕೆಲಸ. ಈ ಸಲ ಪ್ರಾಚೀನ ಕ್ರೈಸ್ತ ಲೇಖಕರೊಬ್ಬರ ಹೆಸರನ್ನು ವಾಕ್ಯದಲ್ಲಿ ಬಳಸಿ ತೋರಿಸಬೇಕಿತ್ತು. ಮೂರು ವಾಕ್ಯ ಬರೆದು, ಕಳಿಸುವ ಮೊದಲು ಸಾಲಿಯಲ್ಲಿ ನಮಗೆ ಕನ್ನಡ ಕಲಿಸಿದ ಮಾಳಮಡ್ಡಿಯ ಅಕ್ಕೋರಿಗೆ ತೋರಿಸಲು ಅವರ ಮನೆಗೆ ಹೋದೆ. ಆಗ ‘ಸ್ವಂತ ವಾಕ್ಯದಲ್ಲಿ ಬಳಸಿರಿ’ ಎಂದು ಯಾವ ಶಬ್ದ ಕೊಟ್ಟರೂ ‘ಅಕ್ಕೋರು ಹಲಗೆಯ ಮೇಲೆ ಈ ಶಬ್ದ ಬರೆದರು’ ಎಂದೇ ಬರೆದು ಸೊನ್ನೆ ತೆಗೆದುಕೊಂಡವಳು ನಾನು. ಆ ಸೊನ್ನೆ ಅಳಿಸಿಕೊಳ್ಳುವ ಆಸೆ ಇನ್ನೂ ಇತ್ತು.

ಅಕ್ಕೋರು ಓದಿದರು. “ಗ್ರಂಥ ಬರೆದರು, ವಾದ ಮಾಡಿದರು, ಪ್ರಸಿದ್ಧರಾದರು. ಅಲ್ಲ ತಂಗಿ, ಇದರಾಗ ನನ್ನ ಹೆಸರು ಇಟ್ಟರೂ ನಡೀತದ! ಅವರೇ ಬೇಕು ಅನ್ನೋ ವಾಕ್ಯ ಎಲ್ಲಿ ಅದ?”

“ಅವರ ಊರಿಗೆ ಹೋಗಿದ್ದೆರಿ ನಾನು, ಆಫ್ರಿಕಾದಾಗ,” ಎಂದೆ. “ಹಾಳುಬಿದ್ದ ಹಳೇ ಕಂಬದ ನೆರಳಾಗ ಚಹಾ ಮಾರೋ ಮುದುಕಗ ಅವರ ಹೆಸರು ಹೇಳಿದೆ. ‘ನಮ್ಮೂರಾಂವ! ಭಾಳ ಜಗಳಗಂಟ ಇದ್ದನಂತ!’ ಅಂತ ಎದಿ ಉಬ್ಬಿಸಿ ನಕ್ಕ.”

“ಮತ್ತ ಅದನ್ನ ಬರಿಯವಾ!”

ಅಲ್ಲೇ ಕೂತು ಆ ಮುದುಕನ ಮಾತನ್ನೇ ವಾಕ್ಯ ಮಾಡಿ ಬರೆದೆ. ಅಕ್ಕೋರು ಕೆಂಪು ಪೆನ್ನು ಹುಡುಕಿ ಹತ್ತಕ್ಕೆ ಆರು ಹಾಕಿದರು.

“ಉಳಿದ ನಾಲ್ಕ್ರಿ?”

“ಅಷ್ಟು ದೂರ ಹೋಗಿ ಬಂದು, ನನ್ನ ಕಡಿಂದ ಹೇಳಿಸ್ಕೊಂಡಿ ಅಲ್ಲ, ಅದಕ್ಕ.”

ಎಲ್ಲ ವಾಕ್ಯಗಳನ್ನೂ ಕಳಿಸಿದೆ. ಶಬ್ದಕೋಶದವರು ಮುದುಕನ ವಾಕ್ಯ ಬಿಟ್ಟು ‘ಗ್ರಂಥ ಬರೆದರು’ ಎಂಬುದನ್ನೇ ಅಚ್ಚು ಹಾಕಿದರು. ಆರು ಅಂಕದ ಹಾಳೆ ನನ್ನ ಪಾಸ್‌ಪೋರ್ಟಿನೊಳಗಿದೆ. ವಿಮಾನ ನಿಲ್ದಾಣದ ಅಧಿಕಾರಿಗಳು ಇದುವರೆಗೆ ಅದನ್ನು ಕೇಳಿಲ್ಲ. ಕೇಳಿದರೆ ಮೊದಲು ಅದನ್ನೇ ತೋರಿಸುತ್ತೇನೆ.