ಅಮಾವಾಸ್ಯೆಗೆ ಹತ್ತದ ಜೀಪಿನ ದೀಪ

“ಅಮಾಸಿ ದಿವಸ ಆ ಜೀಪಿನ ದೀಪ ಹತ್ತೂದಿಲ್ಲ ನೋಡ್ರಿ. ಪೂಜಿ ಮಾಡಿದ ಗಾಡಿ, ಹೊಸಾ ಬಲ್ಬ ಹಾಕಿದ ಗಾಡಿ, ಆದರೂ ಹತ್ತೂದಿಲ್ಲ. ಮುದುಕಾ, ಇನ್ನ ಗಾಡಿ ಬಿಡು ಅಂತ ದೇವರ ಹೇಳಾಕತ್ತಾನ. ಇವಗ ಕೇಳಸವಲ್ದು.”

ಜಮಖಂಡಿಯ ನಮ್ಮ ಓಣಿಯಲ್ಲಿ ಈ ಮಾತನ್ನು ಕೇಳದವರು ಯಾರೂ ಉಳಿದಿಲ್ಲ. ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಹುಟ್ಟಿ, ಹಿಟ್ಟಿನ ಗಿರಣಿಯಲ್ಲಿ ನುಣ್ಣಗಾಗಿ, ಕೊನೆಗೆ ಬನಹಟ್ಟಿಯ ಬೀಗರ ಮನೆಯಿಂದ ಫೋನಿನ ಮೂಲಕ ನನಗೇ ಮರಳಿ ಬಂದ ವೃತ್ತಾಂತವಿದು. ಅದರಲ್ಲಿ ಬರುವ ಮುದುಕ ನಾನು, ಜೀಪು ನನ್ನದು. ದೇವರ ಅಭಿಪ್ರಾಯವೊಂದನ್ನು ಬಿಟ್ಟರೆ ಮಿಕ್ಕೆಲ್ಲಕ್ಕೂ ನಾನು ಕಣ್ಣಾರೆ ಕಂಡ ಸಾಕ್ಷಿಯಾಗಿದ್ದೇನೆ. ಆದ್ದರಿಂದ ತಕರಾರು ಎತ್ತುವ ಹಕ್ಕು ನನಗಿದೆ ಎಂದು ತಿಳಿದಿದ್ದೇನೆ.

ಸಾಲೆಯನ್ನು ನಾನು ಬೇಗ ಬಿಟ್ಟೆ, ಓದನ್ನು ಬಿಡಲಿಲ್ಲ. ಹಾಗೆ ಓದಿದವನಿಗೆ ಒಂದು ಕೆಟ್ಟ ಚಟ ಅಂಟಿಕೊಳ್ಳುತ್ತದೆ: ಯಾರು ಏನು ಹೇಳಿದರೂ ‘ನೋಡಿದವರು ಯಾರು?’ ಎಂದು ಕೇಳುವುದು. ರೈತರೇ ಶ್ರಮದಾನದಿಂದ ಕಟ್ಟಿದ ಚಿಕ್ಕಪಡಸಲಗಿಯ ಬ್ಯಾರೇಜಿಗೆ ಮೊದಲ ಬುಟ್ಟಿ ಮಣ್ಣು ಹೊತ್ತವನು ತನ್ನ ಅಪ್ಪನೇ ಎಂದು ನನಗೆ ಹೇಳಿದವರೆಲ್ಲ ಒಂದೆಡೆ ಸೇರಿದರೆ ಕೃಷ್ಣೆಗೆ ಅಡ್ಡಲಾಗಿ ಇನ್ನೊಂದು ಬ್ಯಾರೇಜು ಕಟ್ಟಬಹುದು. ಅವರಲ್ಲಿ ಯಾರನ್ನೂ ನಾನು ಸುಳ್ಳುಗಾರರೆನ್ನುವುದಿಲ್ಲ. ಎಲ್ಲರೂ ಖರೆ ಹೇಳುತ್ತಿದ್ದರೆ ಮೊದಲ ಬುಟ್ಟಿ ಬಹಳ ದೊಡ್ಡದಿದ್ದಿರಬೇಕು, ಅಷ್ಟೆ.

ಜೀಪಿನ ವಿಷಯದಲ್ಲಿಯೂ ಓಣಿಯ ಮಾತು ಪೂರ್ತಿ ಸುಳ್ಳಲ್ಲ. ದೀಪ ಹತ್ತುತ್ತಿರಲಿಲ್ಲ; ಅದೂ ಅಮಾವಾಸ್ಯೆಯಂದೇ ಹತ್ತುತ್ತಿರಲಿಲ್ಲ. ಕಳೆದ ಹಂಗಾಮಿನ ಒಂದು ಅಮಾವಾಸ್ಯೆಯ ಮುಚ್ಚಂಜೆ ಸಾವಳಗಿಯ ಹೊಲದಿಂದ ಮರಳುತ್ತಿದ್ದಾಗ ದೀಪದ ಗುಂಡಿ ಎಳೆದೆ. ನನ್ನದು ಹಳೆಯ ಕಾಲದ ಜೀಪು. ಸ್ಟೇರಿಂಗಿನ ಪಕ್ಕದ ಗುಂಡಿಯನ್ನು ಸ್ವಲ್ಪ ಎಳೆದರೆ ಸಣ್ಣ ದೀಪ, ಪೂರ್ತಿ ಎಳೆದರೆ ಹೆಡ್‌ಲೈಟು. ಸಣ್ಣದು ಮಿಣುಕಿತು, ದೊಡ್ಡದು ಹತ್ತಲಿಲ್ಲ. ಇನ್ನೊಮ್ಮೆ ಎಳೆಯುವಷ್ಟರಲ್ಲಿ ಕಬ್ಬಿನ ಸುಳಿಗಳು ನನ್ನ ಮುಂದಿನ ಗಾಜನ್ನು ಸವರಿದವು. ಸಕ್ಕರೆ ಕಾರ್ಖಾನೆಗೆ ಹೊರಟಿದ್ದ ಜೋಡಿ ಟ್ರೇಲರು, ಹಿಂದೆ ಒಂದು ಕೆಂಪು ರಿಫ್ಲೆಕ್ಟರಿನ ಚೂರು ಕೂಡ ಇಲ್ಲದ್ದು, ರಸ್ತೆಯಲ್ಲಿ ನಿಂತಿತ್ತು. ಬ್ರೇಕು ಹಿಡಿಯಿತು, ಉಳಿದೆ.

ಟ್ರ್ಯಾಕ್ಟರಿನ ಹಾಡು ನಿಲ್ಲಿಸಿ ಚಾಲಕ ಇಳಿದು ಬಂದ. “ಏನ್ರಿ ಅಜ್ಜಾರ, ದೀಪ ಹಾಕ್ಕೊಂಡ ಬರಬಾರದೇನ್ರಿ?”

“ನಿನ್ನ ಹಿಂದ ದೀಪ ಎಲ್ಲೈತೋ?”

“ನಮ್ದು ದೊಡ್ಡ ಗಾಡಿ ಐತ್ರಿ. ಹಾಂಗ ಕಾಣತೈತಿ.”

ಓಣಿಯ ವೃತ್ತಾಂತದಲ್ಲಿ ಈ ಟ್ರೇಲರಿಗೆ ಜಾಗವಿಲ್ಲ. ದೇವರು ಅದರ ಬಗ್ಗೆ ಏನೂ ಹೇಳಿದಂತಿಲ್ಲ.

ಬನಹಟ್ಟಿಯ ಮಗ್ಗಗಳಿಗೆ ನೂಲು ಪೂರೈಸುವ ನನ್ನ ಮಗ ನಾನು ಫೋನು ಮಾಡಿದ ಮೇಲೆ ಬೈಕು ತಂದು, ಅದರ ಬೆಳಕಿನ ಹಿಂದೆ ನನ್ನನ್ನು ಮನೆಗೆ ನಡೆಸಿಕೊಂಡು ಬಂದ. ಅಂಗಳದಲ್ಲಿ ಕೈ ಚಾಚಿದ.

“ಅಪ್ಪಾ, ಚಾವಿ ಕೊಡು.”

“ಯಾಕ?”

“ಮುಂದಿನ ಅಮಾಸಿಗೆ ದೀಪ ಹತ್ತಿದರ ಚಾವಿ ನಿಂದು. ಹತ್ತಲಿಲ್ಲಂದ್ರ ಮುಧೋಳದ ಗುಜರಿಯಾವ ಬಂದ ಜೀಪ ಒಯ್ತಾನ. ಮಾತಾಡೇನಿ.”

ಸಾವಳಗಿಗೆ ಬಸ್ಸುಗಳಿವೆ, ನನಗೆ ಗೊತ್ತಿದೆ. ಮಗನ ಬೈಕಿಗೆ ಹಿಂದಿನ ಸೀಟಿದೆ, ಅದೂ ಗೊತ್ತಿದೆ. ಆದರೆ ಹಿಂದಿನ ಸೀಟಿನಲ್ಲಿ ಕುಳಿತವನಿಗೆ ಎಲ್ಲಿ ನಿಲ್ಲಿಸಬೇಕು, ಯಾವ ಬದುವಿನ ಮೇಲೆ ಇಳಿಯಬೇಕು, ಯಾವಾಗ ತಿರುಗಿ ಹೊರಡಬೇಕು ಎಂದು ಹೇಳುವ ಅಧಿಕಾರ ಇರುವುದಿಲ್ಲ. ಹೋಗುತ್ತಿದ್ದುದು ಜೀಪಲ್ಲ, ಆ ಅಧಿಕಾರ. ಚಾವಿ ಕೊಟ್ಟೆ.

ಮುಧೋಳ ರಸ್ತೆಯ ಗ್ಯಾರೇಜಿನ ಮೇಸ್ತ್ರಿಯ ಬಳಿಗೆ ಆ ಮೊದಲು ಹಲವು ಸಲ ಹೋಗಿ ಬಂದಾಗಿತ್ತು. ಅವನು ಬಲ್ಬು ಬದಲಿಸಿದ್ದ, ಫ್ಯೂಜು ಬದಲಿಸಿದ್ದ, ಬ್ಯಾಟರಿಯ ವೈರು ಬದಲಿಸಿದ್ದ. ಪ್ರತಿ ಸಲವೂ ನಾನು ಅಲ್ಲಿಗೆ ಮುಟ್ಟುವ ಹೊತ್ತಿಗೆ ಅಮಾವಾಸ್ಯೆ ಕಳೆದು ಕೆಲವು ದಿನಗಳಾಗಿರುತ್ತಿದ್ದವು. ದೀಪ ಚೆನ್ನಾಗಿಯೇ ಹತ್ತುತ್ತಿತ್ತು.

“ಕಾಕಾರ, ಝಗ್ ಅಂತ ಹತ್ತಾಕತ್ತಾವಲ್ರಿ. ರೋಗ ಎಲ್ಲೈತ್ರಿ?”

“ಅಮಾಸಿಗಷ್ಟ ಬರತೈತಿ.”

“ಹಂಗಾರ ನನ್ನ ಕಡೆ ಯಾಕ ತಂದ್ರಿ? ಮಠಕ್ಕ ಒಯ್ಯಬೇಕಿತ್ತು.”

ಚಾವಿ ಇಲ್ಲದ ಜೀಪಿನಲ್ಲಿ ಕುಳಿತು ನಾನು ಎರಡು ಪ್ರಶ್ನೆ ಹಾಕಿಕೊಂಡೆ. ದೇವರಿಗೆ ಸಿಟ್ಟು ಬಂದಿದ್ದರೆ ದೊಡ್ಡ ದೀಪದ ಮೇಲಷ್ಟೇ ಏಕೆ, ಸಣ್ಣ ದೀಪ ಏನು ಪುಣ್ಯ ಮಾಡಿದೆ? ಮತ್ತು ಆ ಸಿಟ್ಟು ಯಾರೂ ಸಮಾಧಾನಪಡಿಸದೆ ಕೆಲವೇ ದಿನಗಳಲ್ಲಿ ತಾನಾಗಿಯೇ ಇಳಿಯುವುದೇಕೆ? ಸಣ್ಣ ದೀಪ ಅರೆಬರೆ ಕರೆಂಟಿನಲ್ಲಿಯೂ ಬದುಕುತ್ತದೆ, ದೊಡ್ಡದಕ್ಕೆ ಪೂರ್ತಿ ಬೇಕು. ಹಾಗಾದರೆ ಎರಡಕ್ಕೂ ಕರೆಂಟು ಹಂಚುವ ಜಾಗದಲ್ಲಿ ಏನೋ ಅಡ್ಡ ಬಂದಿದೆ. ಜೀಪು ತೊಳೆಯುವುದು ಅಮಾವಾಸ್ಯೆಗೆ; ಅಂದರೆ ಅದು ಒದ್ದೆಯಿದ್ದಾಗ ಅಡ್ಡವಾಗುತ್ತದೆ, ಒಣಗಿ, ನಾಲ್ಕಾರು ಸಲ ಗುಂಡಿ ಎಳೆದು ತಳ್ಳಿದಾಗ ಸರಿಯುತ್ತದೆ. ಮೇಸ್ತ್ರಿ ಮುಟ್ಟದೆ ಬಿಟ್ಟಿದ್ದು ಆ ಸ್ವಿಚ್ಚನ್ನೊಂದೇ.

ಬ್ಯಾಟರಿಯ ತಂತಿ ಬಿಚ್ಚಿ, ಗುಂಡಿ ತಿರುವಿ ತೆಗೆದು, ಡ್ಯಾಶ್‌ಬೋರ್ಡಿನ ಕೆಳಗಿನಿಂದ ಸ್ವಿಚ್ಚನ್ನು ಹೊರಗೆಳೆದೆ. ಅದರ ಹಿಂಬದಿ ತೆರೆದಾಗ ಮೊದಲು ಬಂದದ್ದು ವಾಸನೆ: ದೇವರ ಮನೆಯದು. ಒಳಗೆ ವಿಭೂತಿ ಮತ್ತು ಕುಂಕುಮ ಬೆರೆತು ಚಟ್ನಿಯಂತೆ ಕೂತಿದ್ದವು. ತೆಂಗಿನಕಾಯಿ ನೀರಿನ ಸಿಹಿಗೆ ಬಂದ ಇರುವೆಯೊಂದು ಅದರಲ್ಲೇ ಐಕ್ಯವಾಗಿತ್ತು. ಹಿತ್ತಾಳೆಯ ನಾಲಿಗೆಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಅವುಗಳ ನಡುವೆ, ಸರಿಯಾಗಿ ಹೆಡ್‌ಲೈಟಿಗೆ ಕರೆಂಟು ದಾಟಬೇಕಾದ ಜಾಗದಲ್ಲಿ, ಅರಿಷಿಣ ಹಚ್ಚಿದ ಒಂದು ಅಕ್ಕಿಕಾಳು ಸಿಕ್ಕಿಕೊಂಡಿತ್ತು.

ಪ್ರತಿ ಅಮಾವಾಸ್ಯೆಗೂ ವಾಹನ ತೊಳೆದು ಪೂಜೆ ಮಾಡುವುದು ನಮ್ಮ ಕಡೆಯ ಪದ್ಧತಿ. ಜೀಪಿನ ಪೂಜೆ ನನ್ನ ಹೆಂಡತಿಯದು. ಬಾನೆಟ್ಟಿಗೆ ವಿಭೂತಿ, ಗಾಲಿಗೆ ಲಿಂಬೆಹಣ್ಣು. ಆಮೇಲೆ ಒಳಗೆ ಬಂದು ದೀಪದ ಗುಂಡಿಗೆ ವಿಭೂತಿ, ಕುಂಕುಮ, ಅಕ್ಷತೆ. ಕಡೆಗೆ ಕಾಯಿ ಒಡೆದ ನೀರು. ದೀಪಗಳು ಕೈಕೊಡತೊಡಗಿದ ಮೇಲೆ ಭಕ್ತಿ ಹೆಚ್ಚಾಗಿ ನೀರೂ ಹೆಚ್ಚಾಗಿತ್ತು. ಗುಂಡಿಯ ಸರಳಿನ ಗುಂಟ ಅದು ಒಳಗಿಳಿಯುತ್ತಿತ್ತು. ದೀಪ ಹತ್ತಲೆಂದು ಮಾಡಿದ ಪೂಜೆಯೇ ದೀಪವನ್ನು ಆರಿಸುತ್ತಿತ್ತು. ಆರಿದ್ದಕ್ಕೆ ಇನ್ನಷ್ಟು ಪೂಜೆಯಾಗುತ್ತಿತ್ತು.

ಮಗನಿಗೆ ತೋರಿಸಿದೆ. ಅವನು ಇಣುಕಿ ನೋಡಿ, “ಖರೆ ಇರಬಹುದು. ಅವ್ವನ ಮುಂದ ನೀನ ಹೇಳು,” ಎಂದು ಬೈಕು ಹತ್ತಿ ಬನಹಟ್ಟಿಗೆ ಹೋದ.

ನಾನೇ ಹೇಳಿದೆ.

“ನಾ ಕೆಡಿಸಿನಿ ಅಂತೀರೇನ್ರಿ? ಓಣ್ಯಾಗ ಎಲ್ಲಾರೂ ಪೂಜಿ ಮಾಡತಾರ. ಅವರ ದೀಪ ಯಾಕ ಹತ್ತತಾವು?”

“ಅವರು ದೀಪದ ಗಾಜಿಗೆ ಕುಂಕುಮ ಹಚ್ಚತಾರ. ನೀ ಸ್ವಿಚ್ಚಿಗೆ ಅಭಿಷೇಕ ಮಾಡತಿ.”

“ದೀಪ ಹುಟ್ಟೂದು ಅಲ್ಲೇ ಅಂತ ಜೀಪ ತಂದ ದಿನಾ ನೀವ ಹೇಳಿದ್ರಿ. ಶ್ಯಾಣ್ಯಾ ಇದ್ದೀರಿ ಅಂತ ನಂಬಿದೆ.”

ಹಾಗೆ ಹೇಳಿದ ನೆನಪು ನನಗಿಲ್ಲ. ಅದಕ್ಕೆ ಸಾಕ್ಷಿಯೂ ಇಲ್ಲ.

ಪೂಜೆ ಬಿಡಲು ಅವಳು ಒಪ್ಪಲಿಲ್ಲ. ಬಿಡಿಸುವುದು ನನಗೂ ಬೇಡವಾಗಿತ್ತು. ಪೂಜೆ ನಿಲ್ಲಿಸಿ ದೀಪ ಹತ್ತಿದರೆ ಮನೆಯಲ್ಲಿ ಜಗಳ, ಹತ್ತದಿದ್ದರೆ ಜೀಪು ಗುಜರಿಗೆ. ಕೊನೆಗೆ ಹಳೆಯ ಸ್ವಿಚ್ಚನ್ನು ತಿಕ್ಕಿ ಸರಿಮಾಡದೆ ಹಾಗೆಯೇ ಇಟ್ಟು, ಬೇರೊಂದನ್ನು ಹುಡುಕಿಕೊಂಡು ಬಸ್ಸಿನಲ್ಲಿ ಮುಧೋಳಕ್ಕೆ ಹೋದೆ. ಅಂಥ ಹಳೆಯ ಸ್ವಿಚ್ಚು ಸಿಗುವುದು ಒಂದೇ ಕಡೆ, ನನ್ನ ಜೀಪಿಗಾಗಿ ಕಾದಿದ್ದ ಗುಜರಿಯವನ ಹತ್ತಿರ.

“ಬರ್ರಿ ಯಜಮಾನ್ರ, ಜೀಪ ಎಲ್ಲಿ ಬಿಟ್ಟ ಬಂದ್ರಿ?”

“ಮನ್ಯಾಗ. ನಿನ್ನ ಕಡೆಯಿಂದ ಸ್ವಲ್ಪ ಜೀಪ ಒಯ್ಯಾಕ ಬಂದೇನಿ.”

ಸತ್ತ ಜೀಪೊಂದರ ಒಳಗಿನಿಂದ ಅವನು ಸ್ವಿಚ್ಚು ಬಿಚ್ಚಿ ಕೊಟ್ಟ. ಯಾವ ಮನೆಯ ಜೀಪೋ, ಆ ಮನೆಯವರು ಅಷ್ಟು ದೈವಭಕ್ತರಲ್ಲವೆಂದು ತೋರುತ್ತದೆ. ಒಳಗೆ ಬರೀ ಧೂಳಿತ್ತು. ಒರೆಸಿ ಕೂಡಿಸಿದೆ.

ಅಮಾವಾಸ್ಯೆಯ ಬೆಳಿಗ್ಗೆ ಹಳೆಯ ಸ್ವಿಚ್ಚನ್ನು ಮಣೆಯ ಮೇಲಿಟ್ಟು ಹೆಂಡತಿಯ ಮುಂದೆ ಸರಿಸಿದೆ. “ಅಭಿಷೇಕ ಇದಕ್ಕ ಮಾಡು.”

“ಇದಕ್ಕ ಮಾಡಿದರ ಜೀಪಿಗೆ ಮುಟ್ಟತೈತೇನ್ರಿ?”

“ನಿನ್ನ ಪೂಜಿ ಬನಹಟ್ಟ್ಯಾಗ ಇರೋ ಮಗಳಿಗೆ ಮುಟ್ಟತೈತಿ. ಅಂಗಳದಾಗಿನ ಜೀಪಿಗೆ ಮುಟ್ಟೂದಿಲ್ಲೇನು?”

ಅವಳು ಅದರ ಮುಂದೆ ಕಾಯಿ ಒಡೆದಳು.

ಹೊತ್ತು ಮುಳುಗುತ್ತಲೇ ಮಗ ಚಾವಿ ಕೊಟ್ಟು ಜೀಪಿನ ಮುಂದೆ ಕೈಕಟ್ಟಿ ನಿಂತ. ಕಿರಾಣಿ ಅಂಗಡಿಯ ಕಟ್ಟೆ ತುಂಬಿತ್ತು. ಸಾಮಾನು ಕೊಳ್ಳಲು ಬಂದವರು ಯಾರೂ ಇರಲಿಲ್ಲ. ಗುಂಡಿಯನ್ನು ಸ್ವಲ್ಪ ಎಳೆದೆ, ಸಣ್ಣ ದೀಪ. ಪೂರ್ತಿ ಎಳೆದೆ. ಎರಡೂ ಹೆಡ್‌ಲೈಟಿನ ಬೆಳಕು ಮಗನ ಮುಖದ ಮೇಲೆ ಬಿತ್ತು.

“ಡಿಪ್ ಮಾಡಪ್ಪಾ, ಕಣ್ಣ ಕುಕ್ಕತಾವು!”

ತುಸು ಹೊತ್ತು ಬಿಟ್ಟು ಡಿಪ್ ಮಾಡಿದೆ. ಅವನು ಚಾವಿ ಮರಳಿ ಕೇಳಲಿಲ್ಲ. ಆಮೇಲಿನ ಅಮಾವಾಸ್ಯೆಗಳಿಗೂ ದೀಪ ಹತ್ತಿದೆ, ನಾನು ಸಾವಳಗಿಗೆ ಹೋಗಿ ಬಂದಿದ್ದೇನೆ, ನಿಲ್ಲಿಸಬೇಕಾದಲ್ಲಿ ನಿಲ್ಲಿಸಿದ್ದೇನೆ.

ಓಣಿಯಲ್ಲಿ ಈಗ ನಡೆಯುತ್ತಿರುವ ಮಾತು ಹೀಗಿದೆ: “ಹಳೇ ಸ್ವಿಚ್ಚಿನ್ಯಾಗ ಪೀಡಾ ಸೇರಿತ್ರಿ. ಅಕ್ಕಾರು ಅದನ್ನ ತಗಸಿ ಮಣಿ ಮ್ಯಾಲ ಕುಂಡ್ರಿಸಿ ಪೂಜಿ ಹಿಡಿದ್ರು ನೋಡ್ರಿ, ಜೀಪ ಚಲೋ ಆತು.” ಇದರಲ್ಲಿಯೂ ಸುಳ್ಳೆನ್ನಬಹುದಾದದ್ದು ಬಹಳ ಕಡಿಮೆ. ನಾನು ಮಾತ್ರ ಈ ಸಲ ಕಥೆಯಲ್ಲಿ ಎಲ್ಲಿಯೂ ಇಲ್ಲ.

ಸಂಶಯವಿದ್ದವರಿಗೆ ಹಳೆಯ ಸ್ವಿಚ್ಚು ಇನ್ನೂ ಇದೆ. ನಮ್ಮ ಮನೆಯ ದೇವರ ಜಗುಲಿಯ ಮೇಲೆ, ಗಂಟೆಯ ಎಡಕ್ಕೆ ಇದೆ. ಕೈಕಾಲು ತೊಳೆದು ಬಂದವರು ಅದನ್ನು ಹೊರಳಿಸಿ ಹಿಂಬದಿಯಿಂದ ನೋಡಬಹುದು. ಹಿತ್ತಾಳೆಯ ನಾಲಿಗೆಗಳ ನಡುವೆ ಆ ಅಕ್ಕಿಕಾಳು ಇದ್ದಲ್ಲೇ ಇದೆ. ನೋಡುವುದಿದ್ದರೆ ಬೇಗ ಬರಬೇಕು. ಪ್ರತಿ ಅಮಾವಾಸ್ಯೆಗೂ ಅದರ ಮೇಲೆ ಹೊಸ ಕುಂಕುಮ ಬೀಳುತ್ತಿದೆ.